ಹಸಿ ಬಂಡೆ

ಪೊರೆಯ ಆಪರೇಷನ್ ಆದ ಮರುದಿನ ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಅಂಬಾಳಿಗೆ ಮೊದಲು ಕಂಡದ್ದು ಡಾಕ್ಟರ್ ಕೇತಕಿಯ ಕೋಟು. ಅಷ್ಟು ಬಿಳಿಯ ಬಟ್ಟೆಯನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ನೀಲಿ ಹಾಕಿ ಒಗೆದು ಬಿಸಿಲಿಗೆ ಹರವಿದ ಧೋತರದ ಹಾಗಿತ್ತು.

“ಕೋಟು ಹೊಸಾದೇನ್ರಿ?” ಎಂದು ಕೇಳಿದಳು.

ಕೇತಕಿ ನಕ್ಕಳು. ಅವಳ ಅಜ್ಜ ಬೆಳಗಾವಿಯಿಂದ ಬಂದು ಪುಣೆಯಲ್ಲಿ ನೆಲೆಸಿದವರು. ಹೊರಗೆಲ್ಲ ಮರಾಠಿ, ಕನ್ನಡ ಸಿಕ್ಕಾಗ ಮಾತ್ರ ಹಬ್ಬ. “ನಾಲ್ಕು ವರ್ಷದ್ದು, ಕಾಕು. ಬದಲಾಗಿದ್ದು ಕೋಟಲ್ಲ, ನಿಮ್ಮ ಕಣ್ಣಿನ ಲೆನ್ಸು. ಹಳೇದು ಹಳದಿ ಆಗಿ, ಆಮ್ಯಾಲ ಕಂದು ತಿರಗಿತ್ತು. ಎಡಗಣ್ಣಿಂದು ಇನ್ನೂ ಹಂಗ ಅದ. ಅದನ್ನೂ ಮಾಡೋತನಕ ಎರಡು ಕಣ್ಣಿಗೆ ಎರಡು ಬಣ್ಣ ಕಾಣ್ತಾವ. ಹೆದರಬ್ಯಾಡ್ರಿ.”

“ಯಾವಾಗಿಂದ ಹಂಗ ಇತ್ತು?”

“ಒಮ್ಮೆಲೆ ಆಗೂದಿಲ್ಲ ಅದು. ಹತ್ತು ವರ್ಷ, ಹದಿನೈದು ವರ್ಷ ಹಿಡೀತದ. ನಿಧಾನಕ್ಕ ಆಗತದಲ್ಲ, ಅದಕ್ಕ ಯಾರಿಗೂ ಗೊತ್ತಾಗೂದಿಲ್ಲ. ಮಿದುಳು ಹೊಂದಿಕೊಂಡು ಹೋಗಿಬಿಡತದ.”

ಬಣ್ಣ ನೋಡುವುದೇ ಅಂಬಾಳ ಕಸುಬು ಎಂಬುದು ಕೇತಕಿಗೆ ಗೊತ್ತಿರಲಿಲ್ಲ. ಫೈಲಿನಲ್ಲಿ ‘ನಿವೃತ್ತ ವಿಜ್ಞಾನಿ’ ಎಂದಷ್ಟೇ ಇತ್ತು.

ಕೊಥ್ರೂಡ ಬಡಾವಣೆಯ ಮನೆಗೆ ಬಂದ ಅಂಬಾ ಆ ಮಧ್ಯಾಹ್ನವೆಲ್ಲ ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆಯುವ ಆಟ ಆಡಿದಳು. ಬಲಗಣ್ಣಿಗೆ ಗೋಡೆ ಬಿಳಿ, ಎಡಗಣ್ಣಿಗೆ ಅದೇ ಗೋಡೆ ಹಾಲು ಕಡಿಮೆಯಾದ ಚಹಾ. ಎರಡು ವರ್ಷದ ಹಿಂದೆ ಬಣ್ಣ ಬಳಿದವನ ಜೊತೆ ಅವಳು ಜಗಳಾಡಿದ್ದಳು: ಬಿಳಿ ಹೇಳಿದರೆ ಕೆನೆಬಣ್ಣ ಹೊಡೆದಿದ್ದೀಯ ಎಂದು. ಅವನು ಡಬ್ಬಿ ತಂದು ತೋರಿಸಿದರೂ ನಂಬಿರಲಿಲ್ಲ. ನೆನೆದು ಒಬ್ಬಳೇ ಜೋರಾಗಿ ನಕ್ಕಳು. ಗೋಡೆಯ ಮೇಲಿನ ಪ್ರಲ್ಹಾದನ ಫೋಟೋ ನೋಡಿದಾಗ ನಗು ನಿಂತಿತು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಫೋಟೋದಲ್ಲಿ ಅವನು ಹಾಕಿಕೊಂಡ ಅಂಗಿ ಅಚ್ಚ ಬಿಳಿ. ಅವಳ ನೆನಪಿನಲ್ಲಿ ಅದು ಹಳದಿ ಛಾಯೆಯದು. ಕೊನೆಯ ವರ್ಷಗಳಲ್ಲಿ ಅವನ ಮುಖ ಬಾಡಿ ಹಳದಿಯಾಗಿದೆ ಎಂದು ಡಾಕ್ಟರರಿಗೆ ಹೇಳುತ್ತಿದ್ದಳು. ರಕ್ತ ಪರೀಕ್ಷೆಯಲ್ಲಿ ಏನೂ ಸಿಗುತ್ತಿರಲಿಲ್ಲ. ಅವನು ನಿಜಕ್ಕೂ ಹೇಗೆ ಕಾಣುತ್ತಿದ್ದ ಎಂದು ಈಗ ಕೇಳೋಣವೆಂದರೆ ಮನೆಯಲ್ಲಿ ಇನ್ನೊಂದು ಜೊತೆ ಕಣ್ಣಿರಲಿಲ್ಲ.

ಮೂರನೆಯದಾಗಿ ನೆನಪಾದದ್ದು ಸಮುದ್ರದ ಎಣ್ಣೆಬಾವಿ. ಅದು ನೆನಪಾದ ಮೇಲೆ ಆಟ ಆಡಲಿಲ್ಲ.

ಅಂಬಾಳ ಕೆಲಸವನ್ನು ನೆಂಟರಿಷ್ಟರಿಗೆ ವಿವರಿಸುವುದು ಕಷ್ಟ. ಅದಕ್ಕೇ ಅವಳು ಅಡುಗೆಮನೆಯಿಂದ ಶುರುಮಾಡುತ್ತಿದ್ದಳು. ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲುತ್ತಿದ್ದ ಪಾಚಿ, ಕಣ್ಣಿಗೆ ಕಾಣದ ಜೀವಿಗಳು ಸತ್ತು ತಳಕ್ಕೆ ಇಳಿದವು. ತಳದಲ್ಲಿ ಗಾಳಿ ಆಡದ ಕಡೆ ಅವು ಪೂರ್ತಿ ಕೊಳೆಯಲಿಲ್ಲ. ನುಣ್ಣನೆ ಜೇಡಿಯ ಜೊತೆ ಹೂತುಹೋದವು. ಮೇಲೆ ಮತ್ತೆ ಮತ್ತೆ ಮಣ್ಣು ಬಿದ್ದು ಆ ಪದರ ಕೆಳಗಿಳಿಯುತ್ತ ಹೋಯಿತು. ಕೆಳಗೆ ಹೋದಷ್ಟೂ ಕಾವು ಹೆಚ್ಚು. ಎರಡು ಮೂರು ಕಿಲೋಮೀಟರ್ ಆಳದಲ್ಲಿ, ಕುದಿನೀರಿನ ಆಸುಪಾಸಿನ ಬಿಸಿಯಲ್ಲಿ, ಲಕ್ಷಾಂತರ ವರ್ಷ ಸಣ್ಣ ಉರಿಯಲ್ಲಿ ಬೆಂದರೆ ಆ ಬಂಡೆ ಎಣ್ಣೆ ಬಿಡುತ್ತದೆ. ಅದೇ ಕಚ್ಚಾ ತೈಲ. ಕಾವು ಸಾಲದಿದ್ದರೆ ಬಂಡೆ ಹಸಿ, ಎಣ್ಣೆಯಿಲ್ಲ. ಅತಿಯಾದರೆ ಎಣ್ಣೆ ಒಡೆದು ಬರೀ ಗ್ಯಾಸು. ಬಂಡೆ ಬೇಯುವ ಆ ಜಾಗವನ್ನು ಎಣ್ಣೆ ಹುಡುಕುವವರು ಅಡುಗೆಮನೆ ಎಂದೇ ಕರೆಯುತ್ತಾರೆ.

ಅಲ್ಲಿ ಯಾರೂ ಉಷ್ಣಮಾಪಕ ಇಟ್ಟಿರಲಿಲ್ಲ. ಆದರೆ ದಂಡೆಯ ಗಿಡಮರಗಳ ಹೂಪುಡಿ, ಅಂದರೆ ಪರಾಗ, ಗಾಳಿಗೆ, ಹೊಳೆಗೆ ಸಿಕ್ಕಿ ಅದೇ ಕೆಸರಿಗೆ ಬಂದು ಬಿದ್ದಿತ್ತು. ಹೂಪುಡಿಯ ಚಿಪ್ಪು ಆಮ್ಲಕ್ಕೂ ಕರಗದ ಗಟ್ಟಿ ಪದಾರ್ಥ. ಕಾವು ತಾಗಿದರೆ ಅದರ ಬಣ್ಣ ಮಾತ್ರ ಬದಲಾಗುತ್ತದೆ: ತಿಳಿಹಳದಿ, ಕಿತ್ತಳೆ, ಕಂದು, ಕಪ್ಪು. ಒಮ್ಮೆ ಕಂದಾದದ್ದು ಮತ್ತೆ ಹಳದಿಯಾಗುವುದಿಲ್ಲ. ಬಂಡೆಯನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಹೂಪುಡಿಯನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಡಿ ಬಣ್ಣ ನೋಡಿ ಅಂಕಿ ಕೊಡುವುದು ಅಂಬಾಳ ಕೆಲಸ. ಎರಡು ಎಂದರೆ ಹಳದಿ, ಹಸಿ. ಮೂರು ಎಂದರೆ ಕಂದು, ಬೆಂದದ್ದು. ಧಾರವಾಡದವಳಾದ್ದರಿಂದ ಎರಡಕ್ಕೆ ಕಡಲೆಬೇಳೆ, ಮೂರಕ್ಕೆ ಪೇಡೆ ಎಂದು ಹೆಸರಿಟ್ಟಿದ್ದಳು.

ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತು ವರ್ಷ ಇದನ್ನೇ ಮಾಡಿ, ನಿವೃತ್ತಿಯ ನಂತರ ಮನೆಯ ಮುಂದಿನ ಕೋಣೆಯಲ್ಲಿ ಎರಡು ಜನ ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದಳು. ತೈಲ ಕಂಪನಿಗಳು ಕೊರಿಯರಿನಲ್ಲಿ ಸ್ಲೈಡು ಕಳಿಸುತ್ತಿದ್ದವು. ಪ್ರತಿ ಸ್ಲೈಡನ್ನು ಇಬ್ಬರು ಬೇರೆ ಬೇರೆಯಾಗಿ ಓದಬೇಕು, ಒಬ್ಬರ ಅಂಕಿ ಇನ್ನೊಬ್ಬರ ಕಿವಿಗೆ ಬೀಳಬಾರದು ಎಂಬುದು ಈ ಕಸುಬಿನ ಪದ್ಧತಿ. ಎರಡನೆಯವಳು ನಂಜನಗೂಡಿನ ರಂಜಿನಿ, ಮೈಸೂರಿನಲ್ಲಿ ಭೂವಿಜ್ಞಾನ ಓದಿದವಳು. ಎರಡು ವರ್ಷ ಅವಳು ಆ ಕೋಣೆಯಲ್ಲಿದ್ದಳು. ಪೇಡೆಯ ಬಣ್ಣ ಎಂದರೆ “ಮೇಡಂ, ನಾನು ತಿಂದಿರೋದು ಮೈಸೂರ್ ಪಾಕು. ಅದರ ಸ್ಕೇಲಲ್ಲಿ ಹೇಳಿ” ಎನ್ನುತ್ತಿದ್ದಳು.

ಮಳೆಗಾಲಕ್ಕೆ ಮೊದಲು ಮುಂಬಯಿಯ ಒಂದು ಕಂಪನಿಯ ಸ್ಲೈಡುಗಳು ಬಂದವು. ಆ ಕಂಪನಿ ಅರಬ್ಬಿ ಸಮುದ್ರದಲ್ಲಿ ಕೊರೆದ ಮೊದಲ ಬಾವಿಯವು. ಎಣ್ಣೆ ಸಿಕ್ಕಿರಲಿಲ್ಲ, ತಳದ ಜೇಡಿಬಂಡೆ ಬೆಂದಿದೆಯೇ ಎಂಬುದು ಪ್ರಶ್ನೆ. ಬೆಂದಿದ್ದರೆ ಎಣ್ಣೆ ಪಕ್ಕಕ್ಕೆ ಜರುಗಿ ಎಲ್ಲೋ ಸೇರಿರಬೇಕು, ಹತ್ತಿರದಲ್ಲೇ ಎರಡನೇ ಬಾವಿ ಕೊರೆಯಬಹುದು. ಹಸಿಯಾಗಿದ್ದರೆ ಅಲ್ಲಿ ಕೊರೆಯುವುದು ಹಣವನ್ನು ಸಮುದ್ರಕ್ಕೆ ಸುರಿದ ಹಾಗೆ. ಬಂಡೆಯನ್ನು ಕಾಯಿಸಿ ಅಳೆಯುವ ಯಂತ್ರಗಳಿವೆ. ಆದರೆ ಕೊರೆಯುವಾಗ ಬಾವಿಗೆ ಹಾಕಿದ ಕೆಸರಿನಲ್ಲಿ ಡೀಸೆಲ್ ಬೆರೆತಿತ್ತು, ಯಂತ್ರ ಅದನ್ನೇ ಬಂಡೆಯ ಎಣ್ಣೆ ಎಂದು ಓದುತ್ತಿತ್ತು. ಉಳಿದದ್ದು ಹೂಪುಡಿಯ ಬಣ್ಣವೊಂದೇ.

ರಂಜಿನಿ ಎರಡು ಎಂದಳು. ಅಂಬಾಳಿಗೆ ಕಂಡದ್ದು ಮೂರು.

“ಸರಿಯಾಗಿ ನೋಡವಾ.”

“ಯೆಲ್ಲೋನೇ ಕಾಣ್ತಿದೆ ಮೇಡಂ. ಸ್ಟ್ಯಾಂಡರ್ಡ್ ಬಾಕ್ಸ್ ತೆಗೆದು ಪಕ್ಕದಲ್ಲಿಟ್ಟು ನೋಡೋಣ್ವಾ?”

ಆ ಡಬ್ಬಿಯಲ್ಲಿ ಪ್ರತಿ ಅಂಕಿಗೂ ಒಂದು ಮಾದರಿ ಸ್ಲೈಡು ಇರುತ್ತದೆ, ಹೋಲಿಸಿ ನೋಡಲು. ಅಂಬಾ ಅದನ್ನು ಬೀರುವಿನಿಂದ ತೆಗೆಯದೆ ವರ್ಷಗಳಾಗಿದ್ದವು. “ಅದು ಕಲಿಯೋರಿಗೆ. ಅವ್ವ ಒಗ್ಗರಣಿಗೆ ಸಾಸಿವಿ ತೂಗಿ ಹಾಕ್ತಿದ್ಲೇನು? ಇನ್ನೊಮ್ಮೆ ನೋಡು.”

ರಂಜಿನಿ ಇನ್ನೊಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ಮೂರನೇ ಸಲಕ್ಕೆ ಮೆಲ್ಲಗೆ “ಮೂರು” ಎಂದಳು. ವರದಿಯಲ್ಲಿ ಇಬ್ಬರ ಓದೂ ಒಂದೇ ಎಂದು ಹೋಯಿತು. ಮುಂದಿನ ತಿಂಗಳು ರಂಜಿನಿ ಕೆಲಸ ಬಿಟ್ಟು ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿ ಸೇರಿದಳು. ಹೆಚ್ಚು ಸಂಬಳಕ್ಕೆ ಹೋದಳು ಎಂದು ಅಂಬಾ ಎಣಿಸಿದಳು. ಆಮೇಲೆ ಎರಡನೇ ಓದನ್ನೂ ತಾನೇ, ಒಂದು ದಿನ ಬಿಟ್ಟು ಮಾಡಿಕೊಳ್ಳುತ್ತಿದ್ದಳು.

ಕೇತಕಿ ಹೇಳಿದ ವಿಶ್ರಾಂತಿಯ ವಾರ ಮುಗಿದ ಬೆಳಿಗ್ಗೆ ಅಂಬಾ ಮುಂದಿನ ಕೋಣೆಗೆ ಹೋಗಿ ಆ ಬಾವಿಯ ಸ್ಲೈಡೊಂದನ್ನು ಹೊರತೆಗೆದಳು. ಒಂದು ಹೂಪುಡಿಯ ಕಣವನ್ನು ನಡುವೆ ತಂದು ನಿಲ್ಲಿಸಿದಳು. ಎಡಗಣ್ಣಿನಲ್ಲಿ ನೋಡಿದಳು: ಪೇಡೆ. ಬಲಗಣ್ಣಿನಲ್ಲಿ ನೋಡಿದಳು: ಕಡಲೆಬೇಳೆ.

ಕಣ ಅಲ್ಲೇ ಇತ್ತು, ಅಲುಗಿರಲಿಲ್ಲ. ಒಂದು ಕಣ್ಣಿಗೆ ಆ ಸಮುದ್ರದಡಿ ಎಣ್ಣೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

ಬೀರು ತೆರೆದು ಮಾದರಿ ಡಬ್ಬಿ ತೆಗೆದಳು. ‘ಎರಡು’ ಅಂಕಿಯ ಮಾದರಿಯನ್ನು ಇಟ್ಟು ಎಡಗಣ್ಣಿನಿಂದ ನೋಡಿದರೆ ಅದೂ ಪೇಡೆಯ ಬಣ್ಣವೇ. ಪಕ್ಕಕ್ಕಿಟ್ಟು ಹೋಲಿಸಿದ್ದರೆ ಮಂಜಾದ ಕಣ್ಣಿಗೂ ಎರಡೂ ಒಂದೇ ಎಂದು ಗೊತ್ತಾಗುತ್ತಿತ್ತು. ಡಬ್ಬಿ ಇದ್ದದ್ದೇ ಅದಕ್ಕೆ. ಅವಳು ಹೋಲಿಸಿದ್ದು ನೆನಪಿನ ಜೊತೆ, ಸ್ವಚ್ಛ ಕಣ್ಣಿದ್ದಾಗಿನ ನೆನಪಿನ ಜೊತೆ.

ಕುರ್ಚಿಗೆ ಒರಗಿದಳು. ಹೊಸ ಲೆನ್ಸು ಯಾವುದರದ್ದು ಎಂದು ಆಪರೇಷನ್ನಿಗೆ ಮುಂಚೆ ಕೇಳಿದ್ದಕ್ಕೆ ಕೇತಕಿ “ಅಕ್ರಿಲಿಕ್” ಎಂದಿದ್ದಳು. ಅದು ಎಲ್ಲಿಂದ ಬರುತ್ತದೆಂದು ಅಂಬಾಳಿಗೆ ಪ್ರಲ್ಹಾದನಿಂದ ಗೊತ್ತಿತ್ತು. ಅವನು ಮುಂಬಯಿಯ ತೈಲ ಸಂಸ್ಕರಣಾಗಾರದಲ್ಲಿ ಇಂಜಿನಿಯರ್ ಆಗಿದ್ದವನು. ಶುಕ್ರವಾರ ಸಂಜೆಯ ರೈಲಿಗೆ ಪುಣೆಗೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದವನು. ಕಚ್ಚಾ ತೈಲವನ್ನು ಬಟ್ಟಿ ಇಳಿಸಿದರೆ ಸಿಗುವುದರಲ್ಲಿ ನಾಫ್ತಾ ಒಂದು. ನಾಫ್ತಾವನ್ನು ಇನ್ನಷ್ಟು ಕಾಯಿಸಿ ಒಡೆದರೆ ಸಣ್ಣ ಸಣ್ಣ ಅನಿಲಗಳು, ಅವುಗಳಲ್ಲೊಂದರಿಂದ ಅಕ್ರಿಲಿಕ್ಕು. ಇಡೀ ಆಯುಷ್ಯ ಕಲ್ಲಿನಲ್ಲಿ ಹುಡುಕಿದ ಎಣ್ಣೆ ಹೀಗೆ ಸುತ್ತಿ ಬಳಸಿ ಬಂದು ಅವಳ ಕಣ್ಣಿನಲ್ಲೇ ಕೂತಿತ್ತು. ಈ ಮಾತು ಹೇಳಿದ್ದರೆ ಪ್ರಲ್ಹಾದ ತೊಡೆ ತಟ್ಟಿ ನಗುತ್ತಿದ್ದ.

ಮಧ್ಯಾಹ್ನ ಮುಂಬಯಿಯ ಆ ಕಂಪನಿಯ ರಾಜೀವನಿಗೆ ಫೋನು ಹಚ್ಚಿದಳು. ಎಲ್ಲಿ ಕೊರೆಯಬೇಕೆಂದು ಆಡಳಿತ ಮಂಡಳಿಗೆ ಸಲಹೆ ಕೊಡುವವನು ಅವನು. ಅವನೂ ಬೆಳಗಾವಿ ಕಡೆಯವನೇ.

“ಏನ್ರಿ ಅಂಬಾತಾಯಿ, ಕಣ್ಣು ಹೆಂಗದ? ನಮ್ಮ ಅರ್ಧ ಕಂಪನಿ ನಿಂತದ್ದು ಅದರ ಮ್ಯಾಲ.”

“ಒಂದು ಆತು. ಇನ್ನೊಂದು ಆಗಬೇಕು. ರಾಜೀವ, ಆ ಬಾವಿ…”

“ಅದನ್ನ ಹೇಳಬೇಕಂತಿದ್ದೆ! ಮುಂದಿನ ಬುಧವಾರ ಮೀಟಿಂಗ್ ಅದ. ಎರಡನೇ ಬಾವಿ ಹೆಚ್ಚುಕಡಿಮಿ ಪಕ್ಕಾ. ನಿಮ್ಮ ಆ ಒಂದು ಅಂಕಿ ಮ್ಯಾಲ ನಾ ಎರಡು ತಾಸು ಭಾಷಣ ಮಾಡೀನ್ರಿ. ಒಬ್ಬ ಎದ್ದು ನಿಂತು ‘ಬರೇ ಬಣ್ಣ ನೋಡಿ ಹೇಳ್ತೀರೇನು’ ಅಂದ. ‘ನೋಡಿದವರು ಅಂಬಾತಾಯಿ’ ಅಂದೆ. ಕೂತುಬಿಟ್ಟ.”

“ನಾ ಇನ್ನೊಮ್ಮೆ ನೋಡಲಿಕತ್ತೀನಿ.”

“ನೋಡ್ರಿ, ನೋಡ್ರಿ. ದೇವರಿಗೆ ಎರಡು ಸಲ ಆರತಿ ಆದ್ರ ಲುಕ್ಸಾನೇನದ?”

ಹೇಳಲಾಗಲಿಲ್ಲ. ಫೋನಿಟ್ಟ ಮೇಲೆ ಯಾಕೆ ಆಗಲಿಲ್ಲವೆಂದು ತನಗೆ ತಾನೇ ಬಿಡಿಸಿ ಹೇಳಿಕೊಂಡಳು. ಬಣ್ಣ ಓದುವವರ ಬಂಡವಾಳ ಹೆಸರೊಂದೇ. ಹೇಳಿದರೆ ಯಾವ ಕಂಪನಿಯೂ ಇನ್ನು ಸ್ಲೈಡು ಕಳಿಸುವುದಿಲ್ಲ. ಆ ಸ್ಲೈಡುಗಳು ಬಿಟ್ಟರೆ ಈ ಮನೆಯ ಬಾಗಿಲು ತಟ್ಟುವವರಿಲ್ಲ. ಬೆಳಿಗ್ಗೆ ಎದ್ದು ಸೀರೆ ಬದಲಿಸಿ ಮುಂದಿನ ಕೋಣೆಗೆ ಹೋಗಿ ಕೂರುವುದಕ್ಕೆ ಒಂದು ಕಾರಣವೂ ಇರುವುದಿಲ್ಲ. ಹೇಳದಿದ್ದರೆ ಬಾವಿ ಕೊರೆಯುವ ರಿಗ್ಗು ಹಸಿ ಬಂಡೆಯ ಕಡೆಗೆ ಹೊರಡುತ್ತದೆ.

ಇನ್ನೊಂದು ಮಾತೂ ಇತ್ತು. ಅರ್ಧ ರಿಪೇರಿಯಾದ ತನ್ನ ಕಣ್ಣನ್ನು ನಂಬಿ ತನ್ನದೇ ಓದನ್ನು ತಾನು ತಿದ್ದುವಂತಿಲ್ಲ. ಬೇರೆಯವರು ಓದಬೇಕು. ಅಂಥವರು ಪುಣೆಯಲ್ಲಿ ಅವಳಿಗೆ ಗೊತ್ತಿದ್ದದ್ದು ಒಬ್ಬಳೇ.

ಶನಿವಾರ ಬೆಳಿಗ್ಗೆ ಕ್ಯಾಬ್ ಮಾಡಿಕೊಂಡು ರಂಜಿನಿ ಇರುವ ವಾಕಡಕ್ಕೆ ಹೋದಳು. ದಾರಿಯಲ್ಲಿ ಎಲ್ಲೋ ಹೊಸದಾಗಿ ಡಾಂಬರು ಹಾಕುತ್ತಿದ್ದರು. ವಾಸನೆಗೆ ಡ್ರೈವರು ಗಾಜು ಏರಿಸಿದ. ಡಾಂಬರಿನ ವಾಸನೆ ಬಂದಾಗಲೆಲ್ಲ ಪ್ರಲ್ಹಾದ ತನ್ನ ಗೋಪುರದ ಕಥೆ ಹೇಳುತ್ತಿದ್ದ. ಕಚ್ಚಾ ತೈಲವನ್ನು ಮುನ್ನೂರೈವತ್ತು ಡಿಗ್ರಿಯ ಮೇಲೆ ಕಾಯಿಸಿ ಎತ್ತರದ ಗೋಪುರದ ಬುಡಕ್ಕೆ ಬಿಡುತ್ತಾರೆ. ಆವಿ ಮೇಲೇರುತ್ತದೆ. ಗೋಪುರ ಬುಡದಲ್ಲಿ ಬಿಸಿ, ಮೇಲೆ ಹೋದಂತೆ ತಂಪು. “ಎಲ್ಲಾರೂ ಒಂದ ಲಿಫ್ಟ್ ಹತ್ತತಾರ ನೋಡು,” ಎನ್ನುತ್ತಿದ್ದ, “ಯಾರು ಎಲ್ಲಿ ಇಳೀಬೇಕಂತ ಅವರಿಗೇ ಗೊತ್ತು. ಡೀಸೆಲ್ ಕೆಳಗಿನ ಮಹಡಿಗೆ ಇಳದ. ಸೀಮೆಎಣ್ಣಿ ಅದರ ಮ್ಯಾಲೆ. ನಾಫ್ತಾ, ಪೆಟ್ರೋಲು ಇನ್ನೂ ಮ್ಯಾಲೆ. ಒಲಿ ಗ್ಯಾಸು ಮಾಳಿಗಿ ತನಕ ಹೋತು. ಲಿಫ್ಟೇ ಹತ್ತಲಾರದ ದಡ್ಡ ಬುಡದಾಗ ಉಳೀತಾನ, ಅವನೇ ಡಾಂಬರು.” ಆಗ ಅಂಬಾ, “ನೀವು ಸೋಮವಾರ ಹತ್ತಿ ಶುಕ್ರವಾರ ಇಳಿಯೋರು, ನಿಮ್ಮ ಹೆಸರೇನು?” ಎಂದು ಕೆಣಕುತ್ತಿದ್ದಳು. ಈಗ ಆ ಕಥೆಯನ್ನು ಅವನ ದನಿಯಲ್ಲಿ ಹೇಳಲು ಬರುವವಳು ಅವಳೊಬ್ಬಳೇ, ಕೇಳಿಸಿಕೊಳ್ಳುವವರು ಇರಲಿಲ್ಲ.

ರಂಜಿನಿಯ ಅಪಾರ್ಟ್‌ಮೆಂಟಿನ ಕೆಳಗೆ ‘ಅಮೃತತುಲ್ಯ’ ಎಂಬ ಬೋರ್ಡಿನ ಒಂದು ಚಹಾದಂಗಡಿ. ವಾಚಮನ್ ಮೇಲಕ್ಕೆ ಫೋನು ಮಾಡಿದ. ಕಾಲೇಜು ಹುಡುಗಿಯ ಹಾಗೆ ಕೂದಲು ಗಂಟು ಹಾಕಿಕೊಂಡು, ಚಪ್ಪಲಿ ಎಳೆಯುತ್ತ ರಂಜಿನಿ ಇಳಿದು ಬಂದಳು.

“ಅಯ್ಯೋ ಮೇಡಂ, ಇಲ್ಲೀತನಕ ಬಂದ್ರಾ? ಕಾಲ್ ಮಾಡಿದ್ರೆ ನಾನೇ ಬರ್ತಿದ್ನಲ್ಲ.”

“ಮಾಡಿದ್ರ ನೀ ಎತ್ತತಿದ್ದಿಲ್ಲ.”

ರಂಜಿನಿ ಒಂದು ಕ್ಷಣ ಯೋಚಿಸಿದಳು. “ಇಲ್ಲ, ಎತ್ತುತ್ತಿರಲಿಲ್ಲ,” ಎಂದಳು.

ಅಂಗಡಿಯ ಹೊರಗೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು. ಚಹಾ ಬಂತು. ಅಂಬಾ ಸುತ್ತು ಬಳಸದೆ ಹೇಳಿದಳು: “ಮಳಿಗಾಲಕ್ಕ ಮುಂಚೆ ನೋಡಿದ್ವಲ್ಲ, ಸಮುದ್ರದ ಬಾವಿದು. ಅದು ಹಸಿ ಅದ. ಮೊದಲ ಸಲ ನೀ ಹೇಳಿದ್ದ ಖರೆ. ನನ್ನ ಕಣ್ಣಿಗೆ ಪೊರಿ ಬಂದು ಹಳದಿ ಕಂದು ಕಾಣ್ತಿತ್ತು. ಒಂದು ಕಣ್ಣು ಆಪರೇಷನ್ ಆದ ಮ್ಯಾಲ ಗೊತ್ತಾತು.”

ರಂಜಿನಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ರಸ್ತೆಯಲ್ಲಿ ಕಂಪನಿ ಬಸ್ಸೊಂದು ಹಾರ್ನು ಹೊಡೆಯುತ್ತ ಹೋಯಿತು.

“ನಾನು ಎರಡು ಅಂದಿದ್ನಾ?”

“ಎರಡು ಸಲ ಎರಡಂದಿ. ಮೂರನೇ ಸಲ ಮೂರಂದಿ. ನನ್ನ ಸಿಟ್ಟಿಗೆ ಹೆದರಿ.”

“ಹೆದರಿ ಅಲ್ಲ ಮೇಡಂ.” ರಂಜಿನಿಯ ದನಿ ಏರಿತು. “ಅದೇ ಪ್ರಾಬ್ಲಂ. ನಿಮ್ಮನ್ನ ಖುಷಿಪಡಿಸೋಕೆ ಹೇಳಿದ್ರೆ ಪರವಾಗಿರಲಿಲ್ಲ. ಮೂರನೇ ಸಲ ನೋಡ್ದಾಗ ನಂಗೆ ನಿಜವಾಗ್ಲೂ ಬ್ರೌನ್ ಕಾಣ್ತು. ಐದು ನಿಮಿಷದ ಹಿಂದೆ ಯೆಲ್ಲೋ, ಈಗ ಬ್ರೌನ್. ಆಮೇಲೆ ಯಾವ ಸ್ಲೈಡ್ ನೋಡಿದ್ರೂ ಮೊದಲು ನಿಮ್ಮ ಮುಖ ನೋಡ್ಬೇಕು ಅನ್ಸೋದು. ಕಲರ್ ಬ್ಲೈಂಡ್ ಟೆಸ್ಟ್ ಮಾಡಿಸ್ದೆ ಗೊತ್ತಾ? ಚುಕ್ಕಿ ಮಧ್ಯೆ ನಂಬರ್ ಇರುತ್ತಲ್ಲ, ಎಲ್ಲಾ ಓದ್ದೆ. ನಾರ್ಮಲ್ ಅಂದ್ರು. ಕಣ್ಣು ಸರಿಯಿದ್ದೂ ಕಾಣಲ್ಲ ಅಂದ್ರೆ ಏನರ್ಥ? ಈ ಕೆಲಸ ನಂಗೆ ಬರಲ್ಲ ಅಂತ ತಾನೇ? ಅದಕ್ಕೇ ಬಿಟ್ಟೆ.”

ಅಂಬಾ ಚಹಾ ಕುಡಿಯುವುದನ್ನು ಮರೆತಿದ್ದಳು. “ಸಂಬಳ ಸಾಲಲಾರದ್ದಕ್ಕ ಬಿಟ್ಟಿ ಅನ್ಕೊಂಡಿದ್ದೆ.”

“ಅದೂ ಇತ್ತು,” ಎಂದು ರಂಜಿನಿ ನಕ್ಕಳು. ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

“ನಾಳೆ ಬಂದು ಒಮ್ಮೆ ಓದಿ ಹೋಗವಾ. ನಂದು ಲೆಕ್ಕಕ್ಕ ಬರೂದಿಲ್ಲ.”

“ನಾನು ವಾಪಸ್ ಸೇರಲ್ಲ ಮೇಡಂ. ಮೊದಲೇ ಹೇಳ್ಬಿಡ್ತೀನಿ.”

“ಸೇರು ಅನ್ನಲಿಕ್ಕೆ ಬಂದಿಲ್ಲ. ಆ ಮನ್ಯಾಗ ಇನ್ನ ಸೇರಲಿಕ್ಕೆ ಕೆಲಸ ಉಳಿಯೂದಿಲ್ಲ.”

ಭಾನುವಾರ ರಂಜಿನಿ ಬಂದಳು. ಚಪ್ಪಲಿ ಬಿಟ್ಟು ಸೀದಾ ಮುಂದಿನ ಕೋಣೆಗೆ ಹೋಗಿ ದೀಪದ ಹೊಳಪು ಸರಿಮಾಡಿಕೊಂಡಳು. ಮಾದರಿ ಡಬ್ಬಿ ಮೇಜಿನ ಮೇಲೆ ತೆರೆದೇ ಇತ್ತು. ಅವಳು ಅದನ್ನು ಹತ್ತಿರಕ್ಕೆ ಎಳೆದುಕೊಂಡಳು. ಓದುವವಳ ಮುಂದೆ ತನ್ನ ಮುಖ ಇರಬಾರದೆಂದು ಅಂಬಾ ಬಾಗಿಲು ಮುಂದಕ್ಕೆಳೆದು ಅಡುಗೆಮನೆಗೆ ಹೋದಳು.

ಹೆಸರುಬೇಳೆ ನೆನೆಹಾಕಿದ್ದಳು. ಸೌತೆಕಾಯಿ ಹೆಚ್ಚಿ ಕೋಸಂಬರಿ ಮಾಡಿದಳು. ಇಬ್ಬರಿಗೆಂದು ಅಕ್ಕಿ ಹಾಕಿ ತುಂಬಾ ದಿನವಾಗಿದ್ದರಿಂದ ಅಳತೆ ತಪ್ಪಿ ಅನ್ನ ಹೆಚ್ಚಾಯಿತು. ಆಗಾಗ ಕಿವಿಗೊಡುತ್ತಿದ್ದಳು: ಸ್ಲೈಡು ತೆಗೆದಿಡುವ ಸಣ್ಣ ಸಪ್ಪಳ, ಕುರ್ಚಿ ಜರುಗಿದ ಸಪ್ಪಳ. ಮನೆಯಲ್ಲಿ ಇನ್ನೊಬ್ಬರು ಇದ್ದಾಗ ಬರುವ ಸಪ್ಪಳಗಳು ಅವು. ಓದು ಬೇಗ ಮುಗಿಯದಿರಲಿ ಎಂದು ಅವಳಿಗೆ ಅನ್ನಿಸಿತು. ಅದಕ್ಕೆ ನಾಚಿಕೆಯೂ ಆಯಿತು.

ಹುಳಿ ಕುದಿದು ಆರಿದ ಮೇಲೆ ಬಾಗಿಲು ತೆರೆಯಿತು.

“ಎಲ್ಲಾ ಎರಡೇ ಮೇಡಂ. ತಳದ ನಾಲ್ಕೈದು ಸ್ವಲ್ಪ ಆರೆಂಜ್ ಕಡೆಗೆ, ಎರಡೂವರೆ ಅನ್ನಬಹುದು. ಮೂರು ಒಂದೂ ಇಲ್ಲ.” ಒರೆಸಿಕೊಂಡ ಹಾಗೆ ಕಣ್ಣುಜ್ಜಿಕೊಂಡಳು, ದಣಿವಿಗೋ ಏನೋ. “ಪಕ್ಕಾ ಹೇಳ್ತಿದೀನಿ. ಯಾರು ಕೇಳಿದ್ರೂ ಹೇಳ್ತೀನಿ.”

“ನನಗೂ ಬಲಗಣ್ಣಿಗೆ ಅಷ್ಟ ಕಂಡದ್ದು.”

“ಅವತ್ತು ಡಬ್ಬಿ ತೆಗೆದಿದ್ರೆ ಹತ್ತು ನಿಮಿಷದ ಕೆಲಸ ಇತ್ತು.”

“ಹೌದು,” ಎಂದಳು ಅಂಬಾ. ತಪ್ಪಾಯಿತು ಎನ್ನಬೇಕೆಂದುಕೊಂಡಳು. ಧಾರವಾಡದಲ್ಲಾಗಲಿ ಪುಣೆಯಲ್ಲಾಗಲಿ ಚಿಕ್ಕವರಿಗೆ ಅದನ್ನು ಹೇಳಿ ಅಭ್ಯಾಸವಿರಲಿಲ್ಲ. “ತಪ್ಪಾತವಾ,” ಎಂದು ಕಡೆಗೂ ಹೇಳಿದಾಗ ರಂಜಿನಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ಇರ್ಲಿ ಬಿಡಿ ಮೇಡಂ.” ಇರಲಿ ಎಂದದ್ದು ಕ್ಷಮಿಸಿದ ದನಿಯಲ್ಲೂ ಅಲ್ಲ, ಸಿಟ್ಟಿನ ದನಿಯಲ್ಲೂ ಅಲ್ಲ.

“ಊಟ ಮಾಡಿ ಹೋಗು.”

“ಫ್ರೆಂಡ್ಸ್ ಕಾಯ್ತಿದಾರೆ. ಇನ್ನೊಂದಿನ.”

ಸೋಮವಾರ ರಾಜೀವನಿಗೆ ಹೇಳಿದಳು. ಮೊದಲಿಂದ ಕೊನೆಯವರೆಗೆ, ಕೋಟಿನ ಬಿಳುಪಿನಿಂದ ಹಿಡಿದು.

“ಎರಡು ತಾಸು ಭಾಷಣ ಮಾಡೀನ್ರಿ ನಾ,” ಎಂದ ಅವನು.

“ಗೊತ್ತದ.”

“ಇದನ್ನ ಹಿಂಗ ಹೇಳಬೇಕಂತಿಲ್ಲ, ಅಂಬಾತಾಯಿ. ಹೊಸಾ ಓದು ಬ್ಯಾರೆ ಬಂತು, ಸ್ವಲ್ಪ ಅನುಮಾನ ಅದ, ಅಂತ ಬರದ್ರ ಸಾಕು. ನಿಮ್ಮ ಹೆಸರು ಉಳೀತದ.”

“ಅನುಮಾನ ಇಲ್ಲಲ್ಲ ರಾಜೀವ. ಅದು ಹಸಿ ಅದ. ರಂಜಿನಿದು ಮೊದಲ ದಿನದ ಓದೂ ಎರಡ, ನಿನ್ನೆ ಓದಿದ್ದೂ ಎರಡ. ನನ್ನ ಹೆಸರು ತಗದು ಆಕಿದು ಹಾಕ್ರಿ. ಇನ್ನೊಂದು ಮಾತು. ಹೋದ ಹತ್ತು ವರ್ಷದಾಗ ನಾ ನಿಮಗ ಓದಿ ಕೊಟ್ಟದ್ದೆಲ್ಲಾ ಮತ್ತೊಬ್ಬರ ಕಡಿಂದ ಓದಸ್ರಿ. ಬ್ಯಾರೆ ಕಂಪನಿಯವರಿಗೂ ಇವತ್ತ ಬರೀತೀನಿ.”

ರಾಜೀವ ದೀರ್ಘವಾಗಿ ಉಸಿರುಬಿಟ್ಟ. ಅವನು ಕೆಟ್ಟವನಲ್ಲ, ಒಳ್ಳೆಯ ಭೂವಿಜ್ಞಾನಿ ಕೂಡ. ಸ್ವಲ್ಪ ಹೊತ್ತಿಗೆ ಅವನ ತಲೆ ಬಂಡೆಯ ಕಡೆಗೆ ತಿರುಗಿದ್ದು ಅವಳಿಗೆ ದನಿಯಲ್ಲೇ ತಿಳಿಯಿತು. “ತಳದಾಗ ಎರಡೂವರಿ ಅಂದ್ರಲ್ಲ? ಹಂಗಾದ್ರ ಇದ ಪದರು ನೈರುತ್ಯಕ್ಕ ಇನ್ನೂ ಒಂದು ಕಿಲೋಮೀಟರ್ ಆಳಕ್ಕ ಹೋಗತದ. ಅಲ್ಲಿ ಬೆಂದಿರಬಹುದು. ಅಡಿಗಿಮನಿ ಅಲ್ಲಿರಬಹುದ್ರಿ!”

“ಇರಬಹುದು. ಅಲ್ಲಿ ಕೊರದ್ರ ಗೊತ್ತಾಗ್ತದ.” ಆ ಕ್ಷಣ ಅವಳಿಗೂ ಮೈಯಲ್ಲಿ ಹಳೆಯ ಹುರುಪು ಹರಿಯಿತು. “ಆ ಸ್ಲೈಡು ಬಂದಾಗ…”

ಮಾತು ಅಲ್ಲೇ ನಿಂತಿತು.

“ಅವನ್ನ ಬ್ಯಾರೆ ಕಡೆ ಕೊಡಬೇಕಾಗ್ತದ, ತಾಯಿ,” ಎಂದ ಮೆತ್ತಗೆ. “ನನ್ನ ಕೈಯಾಗಿಲ್ಲ.”

“ಕೊಡ್ರಿ. ಇಬ್ಬರು ಓದೋ ಕಡೆ ಕೊಡ್ರಿ.”

ಬುಧವಾರ ಕೊರಿಯರಿನವರು ಎರಡು ಸಲ ಬಂದರು. ರಾಜೀವನ ಕಂಪನಿಯ ಡಬ್ಬಿಗಳಲ್ಲದೆ ಇನ್ನೂ ಎರಡು ಕಂಪನಿಗಳವು ಇದ್ದವು. ಅವರೂ ಪತ್ರ ತಲುಪಿದ ದಿನವೇ ತರಿಸಿಕೊಂಡರು. ಒಬ್ಬರು ಧನ್ಯವಾದ ಬರೆದಿದ್ದರು, ಇನ್ನೊಬ್ಬರು ಬರೆದಿರಲಿಲ್ಲ. ಕಪಾಟು ಖಾಲಿಯಾದ ಕಡೆ ಧೂಳಿನಲ್ಲಿ ಡಬ್ಬಿಗಳ ಚೌಕಗಳು ಉಳಿದವು. ಅಂಬಾ ಒದ್ದೆ ಬಟ್ಟೆಯಿಂದ ಒರೆಸಿದಳು. ಒರೆಸಿ ಮುಗಿದಾಗ ಹನ್ನೊಂದೂ ಆಗಿರಲಿಲ್ಲ.

ಊಟದ ಹೊತ್ತಿಗೆ ಫೋನು ಒಮ್ಮೆ ಮಿಡಿಯಿತು. ರಂಜಿನಿಯ ಸಂದೇಶ.

“ಮೇಡಂ, ಅವತ್ತು ಹೇಳೋದು ಮರೆತೆ. ಮೇಲಿನ ಪದರದ ಒಂದು ಸ್ಲೈಡಲ್ಲಿ ಎಡಗಡೆ ಮೂಲೇಲಿ ಕಡಲ ಪಾಚಿ ಚಿಪ್ಪು ಇತ್ತು. ಮುಳ್ಳು ಒಂದೂ ಮುರಿದಿರಲಿಲ್ಲ. ಅಂಥದ್ದು ನಾನು ಎರಡು ವರ್ಷದಲ್ಲಿ ನೋಡೇ ಇಲ್ಲ. ನೀವು ನೋಡಿದ್ರಾ?”

ಅಂಬಾ ನೋಡಿರಲಿಲ್ಲ. ಬಣ್ಣ ಹುಡುಕುವ ಅವಸರದಲ್ಲಿ ಮೂಲೆಗೆ ಹೋಗಿರಲೇ ಇಲ್ಲ. ಕನ್ನಡದಲ್ಲಿ ಟೈಪು ಮಾಡಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಒಂದೊಂದೇ ಅಕ್ಷರ ಒತ್ತಿದಳು: “ಇಲ್ಲವಾ. ಸ್ಲೈಡು ಇವತ್ತ ಹೋದವು. ಹೆಂಗಿತ್ತು ಹೇಳು.”

ಸಂದೇಶ ತಲುಪಿದ ಗುರುತು ಬಂತು, ಓದಿದ ಗುರುತು ಬರಲಿಲ್ಲ. ಮೀಟಿಂಗಿನಲ್ಲಿರಬೇಕು ಹುಡುಗಿ. ಅಂಬಾ ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಳು. ಫೋನನ್ನು ನೀರಿನ ಲೋಟದ ಪಕ್ಕದಲ್ಲಿ, ಪರದೆ ಮೇಲ್ಮುಖ ಮಾಡಿ ಇಟ್ಟಳು.